ಮಂಚದ ಪಕ್ಕದ ಪ್ರಾರ್ಥನೆ: ಗುಳೇದಗುಡ್ಡದಿಂದ ಬೆಳಗಾವಿಯವರೆಗೆ

ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಕ್ರೈಸ್ತ ಕುಟುಂಬಗಳಲ್ಲಿ ಒಬ್ಬರು ದವಾಖಾನೆಗೆ ಓಡುತ್ತಾರೆ, ಇನ್ನೊಬ್ಬರು ಅಯ್ಯನವರಿಗೆ, ಅಂದರೆ ಪಾದ್ರಿಗೆ, ಫೋನ್ ಮಾಡುತ್ತಾರೆ. ಕಷ್ಟದಲ್ಲಿ ಪ್ರಾರ್ಥನೆಗೆ ಜನ ಕೂಡುವ ಈ ರೂಢಿ ತುಂಬಾ ಹಳೆಯದು.

ಇಂಗ್ಲೆಂಡಿನ ಪ್ರೊಟೆಸ್ಟಂಟ್ ಧರ್ಮಪ್ರಚಾರ ಸಂಸ್ಥೆಯಾದ ಲಂಡನ್ ಮಿಷನ್‌ನವರು ಬೆಳಗಾವಿಗೆ ಬಂದದ್ದು 1820ರಲ್ಲಿ. 1904ರಲ್ಲಿ ಆ ಕೆಲಸ ಮೆಥೊಡಿಸ್ಟ್ ಎಂಬ ಇನ್ನೊಂದು ಪ್ರೊಟೆಸ್ಟಂಟ್ ಪಂಗಡದವರ ಕೈಗೆ ಹೋಯಿತು. ನೇಕಾರರ ಊರಾದ ಗುಳೇದಗುಡ್ಡದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1851ರಲ್ಲಿ ನೆಲೆ ಮಾಡಿತು, ವಿಜಯಪುರದಲ್ಲಿ 1885ರಲ್ಲಿ. ನಡುವೆ ಬಂದದ್ದು 1876-78ರ ಬರ. ಆಗಿನ ಕಲಾದಗಿ ಜಿಲ್ಲೆಯಲ್ಲಿ, ಅಂದರೆ ಹೆಚ್ಚುಕಡಿಮೆ ಇವತ್ತಿನ ಬಾಗಲಕೋಟೆ-ವಿಜಯಪುರ ಸೀಮೆಯಲ್ಲಿ, 1872 ಮತ್ತು 1881ರ ಜನಗಣತಿಗಳ ನಡುವೆ ಸುಮಾರು ಐದರಲ್ಲಿ ಒಂದು ಪಾಲು ಜನ ಕಡಿಮೆಯಾದರು. ಸತ್ತವರೆಷ್ಟೋ, ಗುಳೆ ಹೋದವರೆಷ್ಟೋ. ನೇಕಾರರಿಗೆ ಬರ ಎರಡು ಕಡೆಯಿಂದ ಹೊಡೆಯುತ್ತದೆ. ಜೋಳದ ಬೆಲೆ ಏರುತ್ತದೆ, ಅವರು ನೇಯುವ ಖಣದ ಬಟ್ಟೆ ಕೊಳ್ಳುವವರೂ ಇರುವುದಿಲ್ಲ. ಮಿಷನ್‌ನವರು ಅನಾಥ ಮಕ್ಕಳನ್ನು ಸಾಕಿದರು.

ಬರದಲ್ಲಿ ಮಿಷನ್ ಕೊಟ್ಟ ಗಂಜಿಗಾಗಿ ಜನ ಕ್ರೈಸ್ತರಾದರು ಎಂಬ ಮಾತು ಇವತ್ತಿಗೂ ಕೇಳುತ್ತದೆ. ಕೆಲವರ ಮಟ್ಟಿಗೆ ನಿಜವೂ ಇರಬಹುದು. ಆದರೆ ಗಂಜಿ ನಿಂತ ಮೇಲೂ ತಲೆಮಾರುಗಟ್ಟಲೆ ಆ ನಂಬಿಕೆಯಲ್ಲಿ ಉಳಿದರು ಅಲ್ವಾ? ಅದಕ್ಕೆ ಹೊಟ್ಟೆಯ ಲೆಕ್ಕ ಸಾಲದು.

ಕಾಯಿಲೆ ಮಲಗಿದವರ ಮುಂದೆ ಮತ್ತೆ ಮತ್ತೆ ಓದುವುದು ಬೈಬಲಿನ 23ನೇ ಕೀರ್ತನೆ: "ಯೆಹೋವನು ನನಗೆ ಕುರುಬನು; ಕೊರತೆಪಡೆನು." ಸುಗ್ಗಿ ಮುಗಿದ ಹೊಲದಲ್ಲಿ ಕುರಿ ನಿಲ್ಲಿಸಿ, ಕಂಬಳಿ ಹೊದ್ದು ಹಿಂಡಿನ ಪಕ್ಕದಲ್ಲೇ ಮಲಗುವ ಕುರುಬರನ್ನು ಇಲ್ಲಿ ಎಲ್ಲರೂ ಕಂಡವರೇ. ಬಿಡಿಸಿ ಹೇಳಬೇಕಿಲ್ಲ. ಆ ಕೀರ್ತನೆ ಕತ್ತಲ ಕಣಿವೆಯನ್ನು ಮುಚ್ಚಿಡುವುದಿಲ್ಲ. ಅಲ್ಲಿ ನಡೆಯುವಾಗಲೂ ನೀನು ಹತ್ತಿರ ಇದ್ದೀ ಅನ್ನುತ್ತದೆ.

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್‌ನ ಜರ್ಮನ್ ಪಾದ್ರಿಗಳನ್ನು ಸೆರೆಯಲ್ಲಿಟ್ಟಿತು, ದೇಶದಿಂದ ಕಳಿಸಿತು. ರೋಗಿಗಳ ಮನೆಗೆ ಹೋಗುವ ಭಾರ ಹೆಚ್ಚಾಗಿ ಇಲ್ಲಿಯ ಹಿರಿಯರ ಹೆಗಲಿಗೆ ಬಂತು.

ಕ್ಯಾಥೊಲಿಕರಲ್ಲಿ ಬದಲಾವಣೆ ಬೇರೆ ದಾರಿಯಲ್ಲಿ ಬಂತು. ಬೆಳಗಾವಿ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಸೀಮೆ, 1953ರಲ್ಲಿ ಆಯಿತು. ಆಗೆಲ್ಲ ರೋಗಿಗೆ ಪವಿತ್ರ ಎಣ್ಣೆ ಹಚ್ಚುವುದೆಂದರೆ ಸಾವಿನ ಸೂಚನೆ. ಫಾದರ್ ಬಂದರೆ ಮನೆಯವರಿಗೆ ಎದೆ ಧಸಕ್ ಅನ್ನುತ್ತಿತ್ತು. 1972ರಲ್ಲಿ ಪೋಪ್ ಆರನೇ ಪೌಲರು ಆ ವಿಧಿಯನ್ನು ತಿದ್ದಿದರು. ಈಗ ಸಾಯುವ ಗಳಿಗೆವರೆಗೆ ಕಾಯುವುದಿಲ್ಲ. ದೊಡ್ಡ ಆಪರೇಷನ್‌ಗೆ ಮುಂಚೆಯೂ ಎಣ್ಣೆ ಹಚ್ಚುತ್ತಾರೆ. ಹಣೆಗೂ ಅಂಗೈಗೂ ಹಚ್ಚುವ ಆ ಬೆರಳ ಸ್ಪರ್ಶಕ್ಕಾಗಿಯೇ ಕಾದಿರುವ ರೋಗಿಗಳಿದ್ದಾರೆ. ಚುಚ್ಚುಮದ್ದಿಗೆ ಬಿಟ್ಟರೆ ಅವರ ಮೈ ಮುಟ್ಟುವವರೇ ಕಡಿಮೆ.

ಇತ್ತೀಚೆಗೆ ಕೆಲವು ಸ್ವಸ್ಥತೆಯ ಕೂಟಗಳಲ್ಲಿ ಇನ್ನೊಂದು ಮಾತು ಶುರುವಾಗಿದೆ: ಗುಳಿಗೆ ಬಿಡಿ, ನಂಬಿಕೆ ಸಾಕು. ವಾಸಿಯಾಗದಿದ್ದರೆ ನಿಮ್ಮ ನಂಬಿಕೆಯೇ ಕಡಿಮೆ. ಕ್ಯಾನ್ಸರ್‌ನಿಂದ ನರಳುವ ತಾಯಿಗೆ ಹೀಗೆ ಹೇಳುವುದು ಕ್ರೂರ. ಬೈಬಲಿನ ಅಪೊಸ್ತಲ ಪೌಲನೇ ತನ್ನ ಶರೀರದ ಮುಳ್ಳು, ಅಂದರೆ ಬಿಡದೆ ಕಾಡಿದ ಬಾಧೆ, ತೆಗೆ ಎಂದು ದೇವರಲ್ಲಿ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ಸಿಕ್ಕ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು. ಅವನ ನಂಬಿಕೆ ಕಡಿಮೆ ಎಂದು ಯಾವ ಸಭೆಯೂ ಹೇಳಲಾರದು.

ತಿಳಿದ ಹಿರಿಯರು ಬಂದರೆ ಜಾಸ್ತಿ ಮಾತಾಡುವುದಿಲ್ಲ. ಒಂದು ಹಾಡು, ಒಂದು ಅಧ್ಯಾಯ. ಡಾಕ್ಟರಿಗಾಗಿ, ರಾತ್ರಿ ನಿದ್ದೆಗೆಟ್ಟು ನೋಡಿಕೊಳ್ಳುವ ಸೊಸೆಗಾಗಿ ಹೆಸರು ಹಿಡಿದು ಪ್ರಾರ್ಥನೆ. ಹೊರಡುವಾಗ ಮುಂದಿನ ಸಲ ದವಾಖಾನೆಗೆ ಯಾವತ್ತು ಹೋಗಬೇಕು, ಜೊತೆಗೆ ಯಾರು ಬರಬೇಕು ಅಂತ ಕೇಳುತ್ತಾರೆ.