ಮಣ್ಣು ಕೊಚ್ಚಿಹೋದ ಮೇಲೆ ಅದರ ವರ್ಗ ಯಾವುದು?

ಅಮೆರಿಕದ ಅಯೋವಾ ರಾಜ್ಯದ ಮಣ್ಣಿನ ನಕ್ಷೆಗಳಲ್ಲಿ ಮಾಲಿಸಾಲ್ (ದಪ್ಪ ಕಪ್ಪು ಮೇಲ್ಮಣ್ಣಿರುವ ವರ್ಗ) ಎಂದು ಗುರುತಾಗಿರುವ ಎಷ್ಟೋ ಹೊಲಗಳ ದಿಬ್ಬಗಳಲ್ಲಿ ಇಂದು ಗುಂಡಿ ತೋಡಿದರೆ ಆ ಹೆಸರಿಗೆ ಒಪ್ಪುವ ಮಣ್ಣು ಸಿಗುವುದಿಲ್ಲ. ಹುಲ್ಲುಗಾವಲು ಸಾವಿರಾರು ವರ್ಷಗಳಲ್ಲಿ ಕೂಡಿಟ್ಟ ಕಪ್ಪು ಮೇಲ್ಮಣ್ಣು ಉಳುಮೆ ಮತ್ತು ಮಳೆಗೆ ಸಿಕ್ಕಿ ತಗ್ಗಿಗೆ ಸರಿದಿದೆ.

1930ರ ದಶಕದ ಧೂಳಿನ ಬಿರುಗಾಳಿಗಳು ಸವಕಳಿಯನ್ನು ರಾಷ್ಟ್ರೀಯ ಚಿಂತೆಯಾಗಿಸಿದವಾದರೂ, ಅಮೆರಿಕದ 1938ರ ಮಣ್ಣಿನ ವರ್ಗೀಕರಣ ನೇಗಿಲು ಮುಟ್ಟದ ಮಣ್ಣನ್ನೇ ಮಾದರಿಯಾಗಿ ಇಟ್ಟುಕೊಂಡಿತ್ತು. ಸವೆದ ಮಣ್ಣನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ತೊಡಕು ಬಿಗಿಯಾದದ್ದು ಮಣ್ಣು ವಿಜ್ಞಾನಿ ಗೈ ಸ್ಮಿತ್ ಅವರ ಮುಂದಾಳತ್ವದಲ್ಲಿ 1960ರಲ್ಲಿ ಕರಡಾಗಿ ಬಂದು 1975ರಲ್ಲಿ ಪೂರ್ಣಗೊಂಡ ಹೊಸ ಪದ್ಧತಿಯಲ್ಲಿ. ಅದು ಊಹೆಯನ್ನು ಬಿಟ್ಟು, ಮಣ್ಣಿನಲ್ಲಿ ಈಗ ಅಳೆಯಬಹುದಾದ ಗುಣಗಳನ್ನು ಆಧಾರವಾಗಿಸಿತು. ಜೊತೆಗೆ, ಉತ್ತ ಹೊಲವೂ ಪಕ್ಕದ ಉಳದ ನೆಲವೂ ಸಾಧ್ಯವಾದಷ್ಟು ಒಂದೇ ವರ್ಗದಲ್ಲಿ ಉಳಿಯಲೆಂದು, ಮಾಲಿಸಾಲ್ ಎನಿಸಲು ಮೇಲಿನ 18 ಸೆಂ.ಮೀ. ಮಣ್ಣನ್ನು ಕಲಸಿದ ಮೇಲೂ ಕಪ್ಪು ಬಣ್ಣ ಉಳಿಯಬೇಕೆಂಬ ನಿಯಮ ತಂದಿತು. ಈ ಎರಡು ಆಶಯಗಳು ಸವಕಳಿಯ ಎದುರು ಹೊಂದಿಕೊಳ್ಳಲಿಲ್ಲ. ಕಪ್ಪು ಪದರ ಸಾಮಾನ್ಯವಾಗಿ ಕನಿಷ್ಠ 25 ಸೆಂ.ಮೀ. ದಪ್ಪವಿರಬೇಕು, ಅದು ತೆಳುವಾಗಿ, ನೇಗಿಲು ಅಡಿಯ ಮಸುಕು ಮಣ್ಣನ್ನು ಮೇಲೆತ್ತಿ ಬೆರೆಸಿದೊಡನೆ, ಕೆಳಗೆ ಜೇಡಿ ಕೂಡಿದ ಪದರವಿದ್ದ ನೆಲ ಆಲ್ಫಿಸಾಲ್ ಎಂಬ ವರ್ಗಕ್ಕೆ ಸೇರುತ್ತದೆ, ಅದಿಲ್ಲದೆ ಅರೆಬೆಳೆದ ಪದರವಷ್ಟೇ ಇದ್ದದ್ದು ಇನ್ಸೆಪ್ಟಿಸಾಲ್ ಎಂಬ ವರ್ಗಕ್ಕೆ ಸೇರುತ್ತದೆ. ಮೂಲವಸ್ತು, ಹವೆ, ಇಳಿಜಾರು ಯಾವುದೂ ಬದಲಾಗದಿದ್ದರೂ ಹೆಸರು ಮಾತ್ರ ಪದ್ಧತಿಯ ಅತ್ಯುನ್ನತ ಹಂತದಲ್ಲೇ ಬದಲಾಗುತ್ತದೆ.

ಸಮೀಕ್ಷಕರು ಅನೇಕ ಕಡೆ ಹಳೆಯ ಹೆಸರನ್ನೇ ಉಳಿಸಿ, ಪಕ್ಕದಲ್ಲಿ ಸವಕಳಿಯ ದರ್ಜೆಯನ್ನು ಬರೆದರು: ಮೂಲ ಮೇಲ್ಮಣ್ಣಿನ ಕಾಲು ಭಾಗಕ್ಕಿಂತ ಕಡಿಮೆ ಹೋಗಿದ್ದರೆ ಒಂದನೆಯದು, ಮುಕ್ಕಾಲರವರೆಗೆ ಎರಡನೆಯದು, ಅದನ್ನು ಮೀರಿದರೆ ಮೂರನೆಯದು. ಮೂಲ ದಪ್ಪವನ್ನು ತಿಳಿಯಲು ಹತ್ತಿರದಲ್ಲಿ ಉಳದೆ ಉಳಿದ ತುಣುಕು ನೆಲವೇ ಗತಿ, ಅದೂ ಎಲ್ಲೆಡೆ ಉಳಿದಿಲ್ಲ. ಹೆಸರು ಸ್ಥಿರವಾಗಿ ಉಳಿದದ್ದರಿಂದ ನಷ್ಟ ಎಷ್ಟೆಂಬುದು ಬಹುಕಾಲ ಮರೆಯಾಗಿತ್ತು ಎಂದರೆ ತಪ್ಪಾಗದು. ಮೆಕ್ಕೆಜೋಳ ಬೆಳೆಯುವ ಈ ಪ್ರದೇಶದ ಕೃಷಿಭೂಮಿಯ ಸುಮಾರು ಮೂರನೇ ಒಂದು ಭಾಗದಲ್ಲಿ ಮೇಲ್ಪದರ ಪೂರ್ತಿ ಹೋಗಿದೆ ಎಂದು ಉಪಗ್ರಹ ಚಿತ್ರಗಳನ್ನು ಬಳಸಿದ ಅಧ್ಯಯನವೊಂದು ಅಂದಾಜಿಸಿದ್ದು 2021ರಲ್ಲಿ.

ಇದೇ ಪದ್ಧತಿಯನ್ನು ಭಾರತದ ಮಣ್ಣು ಸಮೀಕ್ಷೆಯೂ ಬಳಸುತ್ತದೆ, ಆದರೆ ಕರ್ನಾಟಕದ ಕೆಂಪುಮಣ್ಣಿನಲ್ಲಿ ತೊಡಕು ತಿರುವುಮುರುವಾಗಿದೆ. ಇಲ್ಲಿನ ಅನೇಕ ಹೊಲಗಳು ಆಲ್ಫಿಸಾಲ್ ಆಗಿರುವುದು ಅಡಿಯ ಜೇಡಿ ಪದರದಿಂದ. ಮೇಲ್ಮಣ್ಣು ಪೂರ್ತಿ ಕೊಚ್ಚಿಹೋಗಿ ಆ ಪದರವೇ ಬಯಲಾದರೂ, ನೆಲದ ಮೇಲ್ಮೈ ಗಟ್ಟಿಯಾಗಿ ಮಳೆನೀರು ಇಂಗದೆ ಹರಿದುಹೋದರೂ ವರ್ಗದ ಹೆಸರು ಹಾಗೆಯೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ನಕ್ಷೆಯ ಸಂಕೇತದಲ್ಲಿ ಸವಕಳಿಯನ್ನು ಸೂಚಿಸುವ ಆ ಒಂದು ಅಂಕಿ ವರ್ಗದ ಹೆಸರಿಗಿಂತ ಹೆಚ್ಚನ್ನು ಹೇಳುತ್ತದೆ, ಮತ್ತು ಬದುವಿನ ಯೋಜನೆ ಹಾಕುವವರು ಮೊದಲು ನೋಡಬೇಕಾದದ್ದು ಅದನ್ನೇ.