ಇಳಿಯದ ವೃಷಣ: ರಾಸಾಯನಿಕಗಳತ್ತ ಬೊಟ್ಟು ಮಾಡಿದ ಎಂಟು ದಶಕಗಳು

ಗಂಡುಮಗುವಿನ ವೃಷಣಗಳು ಮೊದಲು ರೂಪುಗೊಳ್ಳುವುದು ಹೊಟ್ಟೆಯೊಳಗೆ, ಮೂತ್ರಪಿಂಡಗಳ ಸಮೀಪದಲ್ಲಿ. ಅಲ್ಲಿಂದ ಅವು ಎರಡು ಹಂತಗಳಲ್ಲಿ ಇಳಿದು, ಸಾಮಾನ್ಯವಾಗಿ ಹೆರಿಗೆಗೆ ಮುನ್ನವೇ ವೃಷಣಚೀಲವನ್ನು ಸೇರುತ್ತವೆ. ಮೊದಲ ಹಂತಕ್ಕೆ ವೃಷಣವೇ ಸ್ರವಿಸುವ, ಇನ್ಸುಲಿನ್ ಹೋಲುವ ಹಾರ್ಮೋನೊಂದು ಬೇಕು. ಎರಡನೆಯದಕ್ಕೆ ಪುರುಷ ಹಾರ್ಮೋನಾದ ಟೆಸ್ಟೋಸ್ಟಿರಾನ್ ಮುಖ್ಯ. ಅವಧಿ ತುಂಬಿ ಹುಟ್ಟಿದ ಗಂಡುಮಕ್ಕಳಲ್ಲಿ ಸುಮಾರು ಶೇ. 2ರಿಂದ 4ರಷ್ಟು ಮಂದಿಗೆ ಈ ಇಳಿತ ಪೂರ್ಣಗೊಂಡಿರುವುದಿಲ್ಲ.

ಹೊರಗಿನ ರಾಸಾಯನಿಕವೊಂದು ಇದನ್ನು ಕೆಡಿಸಬಲ್ಲದೆಂಬುದಕ್ಕೆ ಮನುಷ್ಯರಲ್ಲಿ ದೊರೆತ ಅತಿ ಸ್ಪಷ್ಟ ಸಾಕ್ಷ್ಯ ಬಂದದ್ದು ಪರಿಸರದಿಂದಲ್ಲ, ಔಷಧಿಯಿಂದ. 1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಮತ್ತು ಸಂಗಡಿಗರು ತಯಾರಿಸಿದ ಡೈಎಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ನನ್ನು (ಈಸ್ಟ್ರೋಜನ್ ಎಂದರೆ ಸ್ತ್ರೀ ಹಾರ್ಮೋನು), ಗರ್ಭಪಾತ ತಡೆಯುತ್ತದೆಂಬ ನಂಬಿಕೆಯಿಂದ ಲಕ್ಷಾಂತರ ಗರ್ಭಿಣಿಯರಿಗೆ ಕೊಡಲಾಯಿತು. ಅದರಿಂದ ಪ್ರಯೋಜನವಿಲ್ಲವೆಂದು 1953ರ ಪ್ರಯೋಗವೇ ತೋರಿಸಿದ್ದರೂ ಬಳಕೆ ನಿಲ್ಲದೆ ಹೋದದ್ದು ಈ ಇತಿಹಾಸದ ಕಹಿ ಭಾಗ. ಗರ್ಭದಲ್ಲಿ ಅದಕ್ಕೆ ಒಡ್ಡಿಕೊಂಡ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ 1971ರಲ್ಲಿ ಪತ್ತೆಯಾಯಿತು; ಗಂಡುಮಕ್ಕಳಲ್ಲಿ ಇಳಿಯದ ವೃಷಣ ಹೆಚ್ಚಾಗಿತ್ತೆಂಬುದು, ಅದರಲ್ಲೂ ಗರ್ಭದ ಆರಂಭದ ವಾರಗಳಲ್ಲೇ ಒಡ್ಡಿಕೊಂಡವರಲ್ಲಿ, ಆಮೇಲೆ ತಿಳಿಯಿತು.

1993ರಲ್ಲಿ ಸಂಶೋಧಕರಾದ ರಿಚರ್ಡ್ ಶಾರ್ಪ್ ಮತ್ತು ನೀಲ್ಸ್ ಸ್ಕ್ಯಾಕೆಬೆಕ್ ಈ ಪ್ರಶ್ನೆಯನ್ನು ಔಷಧಿಯ ಆಚೆಗೆ ಒಯ್ದು, ಭ್ರೂಣ ಹೆಚ್ಚಿನ ಈಸ್ಟ್ರೋಜನ್‌ಗೆ ಒಡ್ಡಿಕೊಳ್ಳುವುದು ಪುರುಷ ಸಂತಾನಾಂಗಗಳ ತೊಂದರೆಗಳಿಗೆ ಕಾರಣವಿರಬಹುದೆಂದು ಊಹಿಸಿದರು. ಎರಡೇ ವರ್ಷಗಳಲ್ಲಿ ಚಿತ್ರ ಬದಲಾಯಿತು: ಕೀಟನಾಶಕ ಡಿಡಿಟಿ ವಿಘಟನೆಯಾಗಿ ಉಳಿಯುವ ಡಿಡಿಇ, ಈಸ್ಟ್ರೋಜನ್ನಿನಂತೆ ನಟಿಸುವ ಬದಲು ಪುರುಷ ಹಾರ್ಮೋನಿನ ದಾರಿಗೇ ಅಡ್ಡ ನಿಲ್ಲುತ್ತದೆಂದು 1995ರಲ್ಲಿ ಕಂಡುಬಂದಿತು. ಪ್ಲಾಸ್ಟಿಕ್ ಮೆದುಗೊಳಿಸುವ ಕೆಲವು ಥ್ಯಾಲೇಟ್‌ಗಳು ಗಂಡು ಇಲಿಭ್ರೂಣಗಳಲ್ಲಿ ಟೆಸ್ಟೋಸ್ಟಿರಾನ್ ಉತ್ಪತ್ತಿಯನ್ನೇ ತಗ್ಗಿಸಿದವು.

2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂದೇ ವಿಧಾನದಿಂದ ಪರೀಕ್ಷಿಸಿದಾಗ, ಡೆನ್ಮಾರ್ಕಿನ ನವಜಾತ ಗಂಡುಮಕ್ಕಳಲ್ಲಿ ಶೇ. 9ರಷ್ಟು, ಫಿನ್‌ಲೆಂಡಿನವರಲ್ಲಿ ಶೇ. 2.4ರಷ್ಟು ಮಂದಿಗೆ ಈ ತೊಂದರೆ ಇತ್ತು. ನೆರೆಹೊರೆಯ ದೇಶಗಳ ನಡುವಿನ ಇಷ್ಟು ಅಂತರ ಪರಿಸರದ ಮೇಲಿನ ಅನುಮಾನವನ್ನು ಬಲಪಡಿಸಿತು, ಸಾಬೀತುಪಡಿಸಲಿಲ್ಲ. ಏಕೆಂದರೆ ಹಾನಿ ತಟ್ಟುವುದು ಗರ್ಭದ ಕೆಲವೇ ವಾರಗಳಲ್ಲಿ. ಅಳತೆ ನಡೆಯುವುದು ಬಹುಪಾಲು ಹೆರಿಗೆಯ ನಂತರ, ಎದೆಹಾಲಿನಲ್ಲಿ ಅಥವಾ ರಕ್ತದಲ್ಲಿ. ಥ್ಯಾಲೇಟ್‌ಗಳಂತೂ ದಿನದೊಳಗೆ ಬಹುಮಟ್ಟಿಗೆ ಮೂತ್ರದೊಂದಿಗೆ ಹೊರಟುಹೋಗುತ್ತವೆ. ಜೊತೆಗೆ ಅವಧಿಪೂರ್ವ ಹೆರಿಗೆ, ಕಡಿಮೆ ತೂಕ, ವಂಶವಾಹಿಗಳೂ ಕಾರಣಗಳ ಸಾಲಿನಲ್ಲಿವೆ. ಹೀಗಾಗಿ ಒಂದು ನಿರ್ದಿಷ್ಟ ಮಗುವಿನಲ್ಲಿ ಕಾರಣ ಇಂಥದೇ ಎಂದು ವೈದ್ಯರು ಹೇಳುವುದು ಅಪರೂಪ. ಆರು ತಿಂಗಳಾದರೂ ವೃಷಣ ಇಳಿಯದಿದ್ದರೆ, ಹದಿನೆಂಟು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಕೆಳಗಿಳಿಸಿ ನಿಲ್ಲಿಸಬೇಕೆಂದು ಸಲಹೆ ನೀಡುತ್ತಾರೆ.