ಬೀಳಗಿಯ ಗೋಹರ್ ಮತ್ತು ಸಿನಿಮಾದ ಒಬ್ಬಳೇ ಹೆಂಡತಿ

ಬೀಳಗಿಯಿಂದ ಹೊರಟು ಮುಂಬೈ ಸೇರಿದ ಸೋದರಿಯರಲ್ಲಿ ಅಮೀರ್‌ಬಾಯಿ ಕರ್ನಾಟಕಿ ಹೆಸರು ನಮ್ಮ ಕಡೆ ಹಳಬರಿಗೆ ಚೆನ್ನಾಗಿ ಗೊತ್ತು. 1943ರ ‘ಕಿಸ್ಮತ್’ ಸಿನಿಮಾದ ಹಲವು ಹಾಡು ಹಾಡಿದವರು ಅವರು, ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರಿನದು. ಅವರ ಸೋದರಿ ಗೋಹರ್ ಕರ್ನಾಟಕಿ ವಿಷಯ ಬಂದರೆ ಮಾತ್ರ ಮಾತು ಹಾಡಿನ ಮೇಲೆ ನಿಲ್ಲುವುದಿಲ್ಲ. ‘ಬಾಲಗಂಧರ್ವರನ್ನ ಮದುವೆ ಆದವಳು ಅಲ್ವಾ?’ ಅಂತ ಕೇಳುತ್ತಾರೆ. ಸುಮ್ನೆ ಗೊಂದಲ ಬೇಡ ಅಂತ ಹೇಳಿಬಿಡುತ್ತೇನೆ. ಕಲ್ಕತ್ತೆಯ ಗ್ರಾಮಫೋನ್ ತಾರೆ ಗೌಹರ್ ಜಾನ್ ಬೇರೆ, ರಂಜಿತ್ ಸ್ಟುಡಿಯೋದ ನಟಿ ಮಿಸ್ ಗೋಹರ್ ಬೇರೆ. ನಮ್ಮ ಗೋಹರ್ ಬೀಳಗಿಯವರು.

ಮರಾಠಿ ರಂಗಭೂಮಿಯ ಹೆಸರಾಂತ ಗಾಯಕ-ನಟ ಬಾಲಗಂಧರ್ವ, ಅಂದರೆ ನಾರಾಯಣ ಶ್ರೀಪಾದ ರಾಜಹಂಸ, ಹುಟ್ಟಿದ್ದು 1888ರಲ್ಲಿ. 1905ರಲ್ಲಿ ಕಿರ್ಲೋಸ್ಕರ್ ನಾಟಕ ಕಂಪನಿ ಸೇರಿದರು. ಆ ಕಂಪನಿ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1911ರಲ್ಲಿ ಹೊಸ ನಾಟಕದ ಮೊದಲ ಪ್ರಯೋಗದ ದಿನವೇ ಮಗಳು ತೀರಿಕೊಂಡಳು. ಆದರೂ ಬಾಲಗಂಧರ್ವ ಅವತ್ತು ಬಣ್ಣ ಹಚ್ಚಿ ರಂಗಕ್ಕೆ ಹೋದರು. ಹೆಂಡತಿ ಲಕ್ಷ್ಮೀಬಾಯಿ ತೀರಿಕೊಂಡಿದ್ದು 1940ರಲ್ಲಿ. ಗೋಹರ್ ಬಾಲಗಂಧರ್ವರ ನಾಟಕ ಕಂಪನಿಗೆ ಬಂದಿದ್ದು 1938ರ ಹೊತ್ತಿಗೆ, ಮದುವೆ ಆಗಿದ್ದು 1951ರಲ್ಲಿ. ಮುಸ್ಲಿಂ ಹೆಣ್ಣುಮಗಳು, ಹಾಡುವವಳು, ಅದರ ಮೇಲೆ ಕರ್ನಾಟಕದವಳು. ಮರಾಠಿ ಅಭಿಮಾನಿಗಳಲ್ಲಿ ಬಹಳ ಮಂದಿ ಈ ಮದುವೆಯನ್ನು ಒಪ್ಪಲಿಲ್ಲ. ದೊಡ್ಡ ಮನುಷ್ಯನನ್ನು ಕೆಡಿಸಿದಳು ಅಂದವರು ಜಾಸ್ತಿ. ಕಾಲಿನ ಶಕ್ತಿ ಹೋದ ಮುದುಕನನ್ನು ನೋಡಿಕೊಂಡಳು ಅಂದವರು ಕಡಿಮೆ. ಗೋಹರ್ 1964ರಲ್ಲಿ ತೀರಿಕೊಂಡರು, ಬಾಲಗಂಧರ್ವ 1967ರಲ್ಲಿ.

2011ರಲ್ಲಿ ರವಿ ಜಾಧವ್ ‘ಬಾಲಗಂಧರ್ವ’ ಸಿನಿಮಾ ಮಾಡಿದರು. ಸುಬೋಧ್ ಭಾವೆ ನಟನೆಗೆ ಎಲ್ಲರೂ ತಲೆದೂಗಿದರು. ನನಗೂ ಇಷ್ಟವಾದ ಸಿನಿಮಾ. ಆದರೆ ಅದು ಕಂಪನಿಯ ವೈಭವದ ಕಥೆ, ಸಾಲದ ಕಥೆ, ಮನೆಯಲ್ಲಿ ನೊಂದ ಲಕ್ಷ್ಮೀಬಾಯಿಯ ಕಥೆ. ಬೀಳಗಿಯ ಹೆಣ್ಣುಮಗಳು ಅದರ ಮುಖ್ಯ ಪಾತ್ರವಲ್ಲ. ಬೆಳಗಾವಿಯಲ್ಲಿ ಮರಾಠಿ ಸಿನಿಮಾ ನೋಡುವವರಿಗೆ ಕೊರತೆ ಇಲ್ಲ. ಬಾಲಗಂಧರ್ವರ ಸಂಸಾರ ಹೇಗಿತ್ತು ಅಂತ ಈಗಿನ ಹುಡುಗರನ್ನು ಕೇಳಿದರೆ ಸಿಗುವ ಉತ್ತರ ಈ ಸಿನಿಮಾದ್ದೇ.

ಇದು ಒಂದೇ ಸಿನಿಮಾದ ತಪ್ಪಲ್ಲ. ಹಾಡುವವರ ಹೆಂಡತಿಯನ್ನು ಗಂಡನ ಕಥೆಗೆ ತಿರುವು ಕೊಡಲು ಬಳಸುವುದು ಸಿನಿಮಾಕ್ಕಿಂತ ಹಳೇ ಅಭ್ಯಾಸ. ಪುರಂದರದಾಸರ ಮೂಗುತಿ ಕಥೆ ಯಾರಿಗೆ ಗೊತ್ತಿಲ್ಲ? ಹೆಂಡತಿ ಬಡ ಬ್ರಾಹ್ಮಣನಿಗೆ ಮೂಗುತಿ ಕೊಟ್ಟಳು, ಜಿಪುಣ ನಾಯಕನ ಕಣ್ಣು ತೆರೆಯಿತು, ದಾಸರಾದರು. ಹರಿಕಥೆಯಲ್ಲಿ ಕೇಳಿದ್ದನ್ನು 1964ರಲ್ಲಿ ರಾಜ್‌ಕುಮಾರ್ ಅಭಿನಯದ ‘ನವಕೋಟಿ ನಾರಾಯಣ’ ತೆರೆಗೆ ತಂತು. ಇಷ್ಟು ಹೊತ್ತಿಗೆ ಸರಸ್ವತಿಬಾಯಿ ಅಂದರೆ ಮೂಗುತಿ ಅಷ್ಟೇ. ಮನೆ, ಆಸ್ತಿ ಎಲ್ಲ ಬಿಟ್ಟು ಗಂಡನ ಹಿಂದೆ ಹೊರಟ ಆ ಹೆಂಗಸಿನ ಆಮೇಲಿನ ದಿನಗಳು ಹೇಗಿದ್ದವು ಅಂತ ಕೇಳಿದವರು ಕಡಿಮೆ.

ಇದಕ್ಕೆ ಒಂದು ಒಳ್ಳೆಯ ಅಪವಾದ ಇದೆ, ಅದೂ ಬಹಳ ಹಿಂದಿನದು. 1936ರ ಪ್ರಭಾತ್ ಕಂಪನಿಯ ‘ಸಂತ ತುಕಾರಾಮ್’. ಮುಂಬೈಯಲ್ಲಿ ವರ್ಷಕ್ಕೂ ಹೆಚ್ಚು ಓಡಿತು, ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಪಡೆಯಿತು. ಅದರಲ್ಲಿ ತುಕಾರಾಮನ ಹೆಂಡತಿ ಜಿಜಾಯಿಯಾಗಿ ಗೌರಿ ಎಂಬ ನಟಿ ಇದ್ದಾರೆ. ಮಗುವಿಗೆ ಹುಷಾರಿಲ್ಲದಾಗ ಈಕೆ ಚಪ್ಪಲಿ ಹಿಡಿದು ವಿಠೋಬನ ಗುಡಿಗೇ ನುಗ್ಗುತ್ತಾಳೆ. ಕಡೆಗೆ ಗಂಡ ವೈಕುಂಠಕ್ಕೆ ಕರೆದರೂ ಮಕ್ಕಳನ್ನು ಬಿಟ್ಟು ಹೋಗುವುದಿಲ್ಲ. ಜಗಳಗಂಟಿ ಹೆಂಡತಿ ಅಂತ ನಗಬಹುದು. ಆದರೆ ನೋಡಿ, ಮನೇಲಿ ಹಿಟ್ಟಿಲ್ಲ ಅನ್ನುವ ಅವಳ ಮಾತನ್ನು ಸಿನಿಮಾ ಸುಳ್ಳು ಮಾಡುವುದಿಲ್ಲ. ಈಗಿನ ಬಯೋಪಿಕ್‌ಗಳಲ್ಲಿ ಈ ನ್ಯಾಯ ಅಪರೂಪ.

ಅಮೆರಿಕದ ಒಂದು ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಹಾಡುಗಾರ ಜಾನಿ ಕ್ಯಾಶ್ 1954ರಲ್ಲಿ ವಿವಿಯನ್ ಲಿಬರ್ಟೊಳನ್ನು ಮದುವೆಯಾದ. ನಾಲ್ಕು ಹೆಣ್ಣುಮಕ್ಕಳಾದರು. ಆಮೇಲೆ ವಿಚ್ಛೇದನ. 1968ರಲ್ಲಿ ಜೊತೆ ಹಾಡುಗಾರ್ತಿ ಜೂನ್ ಕಾರ್ಟರ್ ಜೊತೆ ಎರಡನೇ ಮದುವೆ. 2005ರ ‘ವಾಕ್ ದಿ ಲೈನ್’ ಜಾನಿ-ಜೂನ್ ಪ್ರೇಮಕಥೆ. ಜೂನ್ ಪಾತ್ರ ಮಾಡಿದ ರೀಸ್ ವಿದರ್‌ಸ್ಪೂನ್‌ಗೆ ಆಸ್ಕರ್ ಬಂತು. ವಿವಿಯನ್ ಅದರಲ್ಲಿ ಗಂಡನ ಹಾಡು ಅರ್ಥವಾಗದ, ಸದಾ ಗೊಣಗುವ ಹೆಂಡತಿ. ಅವರ ಮಗಳು ಕ್ಯಾಥಿ ಕುಟುಂಬಕ್ಕಾಗಿ ಇಟ್ಟ ಪ್ರದರ್ಶನದಿಂದ ಎದ್ದು ಹೋದರು. ನಿಜವಾಗಿ ನಡೆದ ಒಂದು ಸಂಗತಿ ಆ ಸಿನಿಮಾದಲ್ಲಿ ಇಲ್ಲವೇ ಇಲ್ಲ. 1965ರಲ್ಲಿ ಕ್ಯಾಶ್ ನಶೆ ಮಾತ್ರೆಗಳ ಕೇಸಿನಲ್ಲಿ ಸಿಕ್ಕಿಬಿದ್ದಾಗ ಪತ್ರಿಕೆಯಲ್ಲಿ ವಿವಿಯನ್ ಫೋಟೋ ಬಂತು. ಆಕೆ ಕಪ್ಪು ಜನಾಂಗದವಳು ಅಂತ ಬಿಳಿಯರ ಜನಾಂಗದ್ವೇಷಿ ಗುಂಪೊಂದು ಅಪಪ್ರಚಾರಕ್ಕೆ ಇಳಿಯಿತು. ಸಿನಿಮಾ ಬಂದ ವರ್ಷವೇ ವಿವಿಯನ್ ತೀರಿಕೊಂಡಿದ್ದರು. ಅವರ ಪುಸ್ತಕ ಹೊರಬಂದಿದ್ದು 2007ರಲ್ಲಿ. ಅಷ್ಟರಲ್ಲಿ ಜನ ತೀರ್ಮಾನ ಮಾಡಿ ಆಗಿತ್ತು.

ಯಾಕೆ ಹೀಗಾಗುತ್ತದೆ? ಎರಡು ಗಂಟೆಯಲ್ಲಿ ಇಬ್ಬರು ಹೆಂಡತಿಯರಿಗೆ ಜಾಗ ಇಲ್ಲ ಅನ್ನುವುದು ಅರ್ಧ ಉತ್ತರ. ಉಳಿದರ್ಧ ಹಕ್ಕಿನದು. ಹಾಡುಗಾರನ ಸಿನಿಮಾಕ್ಕೆ ಅವನ ಹಾಡು ಬೇಕೇ ಬೇಕು. ಹಾಡಿನ ಹಕ್ಕು ಯಾರ ಕೈಯಲ್ಲಿದೆಯೋ ಅವರ ಮನಸ್ಸು ನೋಯಿಸುವ ಧೈರ್ಯ ನಿರ್ಮಾಪಕರಿಗೆ ಬರುವುದು ಕಷ್ಟ. ‘ವಾಕ್ ದಿ ಲೈನ್’ ನಿರ್ಮಾಣದಲ್ಲಿ ಜಾನಿ-ಜೂನ್ ಮಗನ ಪಾಲೂ ಇತ್ತು. 2023ರಲ್ಲಿ ಎಲ್ವಿಸ್ ಪ್ರೀಸ್ಲಿ ಹೆಂಡತಿಯ ಕಣ್ಣಿನಿಂದ ‘ಪ್ರಿಸಿಲ್ಲಾ’ ಎಂಬ ಸಿನಿಮಾ ಬಂದಾಗ ಎಲ್ವಿಸ್ ಹಾಡುಗಳ ಹಕ್ಕು ನೋಡಿಕೊಳ್ಳುವ ಸಂಸ್ಥೆ ಹಾಡು ಕೊಡಲಿಲ್ಲ. ಹೆಂಡತಿಯ ಕಥೆ ಗಂಡನ ಹಾಡಿಲ್ಲದೆ ಬಂತು.

ನಾಳೆ ಯಾರಾದರೂ ಕುಮಾರ ಗಂಧರ್ವರ ಬಗ್ಗೆ ಸಿನಿಮಾ ಮಾಡಬಹುದು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದವರು, ನಗರದ ರಂಗಮಂದಿರಕ್ಕೂ ಅವರದೇ ಹೆಸರು. ಕ್ಷಯ ಬಂದು ಹಾಡು ನಿಂತಾಗ ದೇವಾಸದಲ್ಲಿ ಸಂಸಾರ ಹೊತ್ತವರು ಮೊದಲ ಹೆಂಡತಿ ಭಾನುಮತಿ. ಅವರು 1961ರಲ್ಲಿ ತೀರಿಕೊಂಡ ಮೇಲೆ ಬಾಳಿಗೂ ಕಛೇರಿಗೂ ಜೊತೆಯಾದವರು ವಸುಂಧರಾ, ಸ್ವತಃ ಗಾಯಕಿ. ಮಂಚದ ಪಕ್ಕ ಕೂತ ಹೆಂಡತಿಗೆ ಕಣ್ಣೀರು ಗ್ಯಾರಂಟಿ. ತಂಬೂರಿ ಹಿಡಿದು ದಶಕಗಳ ಕಾಲ ಜೊತೆ ಹಾಡಿದವರಿಗೆ ಚಿತ್ರಕಥೆಯಲ್ಲಿ ಎಷ್ಟು ಪುಟ ಸಿಗುತ್ತದೋ ಕಾದು ನೋಡಬೇಕು.

ಗೋಹರ್ ಬಗ್ಗೆಯೇ ಸಿನಿಮಾ ಮಾಡುವವರಿಗೆ ಒಂದು ಅನುಕೂಲ ಇದೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಿಕೆಯ ಹಕ್ಕು ಹೊರಬಂದ 60 ವರ್ಷಕ್ಕೆ ಮುಗಿಯುತ್ತದೆ. ಹಾಗಾಗಿ 1930ರ ದಶಕದ ತಟ್ಟೆಗಳನ್ನು ಬಳಸಲು ಕಂಪನಿಯ ಮುಂದೆ ನಿಲ್ಲಬೇಕಿಲ್ಲ. ರಾಗಸಂಯೋಜನೆ ಲೆಕ್ಕ ಮಾತ್ರ ಬೇರೆ, ಅದು ಸಂಯೋಜಕ ತೀರಿಕೊಂಡ ಮೇಲೆ 60 ವರ್ಷ. ಬಾಲಗಂಧರ್ವರ ನಾಟಕಗಳಿಗೆ ರಾಗ ಕೂಡಿಸಿದ ಮಾಸ್ಟರ್ ಕೃಷ್ಣರಾವ್ ತೀರಿಕೊಂಡಿದ್ದು 1974ರಲ್ಲಿ. ಅವರು ಕೂಡಿಸಿದ ನಾಟ್ಯಪದಗಳನ್ನು ಮುಟ್ಟುವುದಾದರೆ 2034 ಮುಗಿಯುವ ತನಕ ಹಕ್ಕುದಾರರನ್ನು ಕೇಳಿಯೇ ಮುಂದುವರಿಯಬೇಕು.